ನೇತ್ರಾಣಿಯಲ್ಲಿ ಮೂವತ್ತು ಅಡಿ: ದುರ್ಗದಿಂದ ಹೋದ ನಾಲ್ವರ ಸ್ಕೂಬಾ ಪ್ರವಾಸ

ನನ್ನ ಕಸುಬೇ ಆಳದ್ದು. ಚಿತ್ರದುರ್ಗದಲ್ಲಿ ಹದಿನೇಳು ವರ್ಷದಿಂದ ಬೋರ್‌ವೆಲ್ ಮೋಟಾರ್ ರಿಪೇರಿ ಮತ್ತು ರೀವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಎಂಟುನೂರು ಅಡಿಗೆ ಮೋಟಾರ್ ಇಳಿಸಿದ್ದೇನೆ, ಅಷ್ಟೇ ಆಳದಿಂದ ಸುಟ್ಟ ಮೋಟಾರ್ ಎತ್ತಿಸಿದ್ದೇನೆ. ಆದರೆ ನಾನೇ ನೀರಿಗೆ ಇಳಿದದ್ದು ಚಿಕ್ಕವನಿದ್ದಾಗ, ಅಜ್ಜಿಯ ಊರಿನ ತೆರೆದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಆ ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು. ಹೀಗಾಗಿ ಹೊಳಲ್ಕೆರೆಯ ಮೇಷ್ಟ್ರು ಫೋನು ಮಾಡಿ, "ನೇತ್ರಾಣಿಗೆ ಹೋಗೋಣ, ಸಮುದ್ರದ ತಳ ನೋಡೋಣ" ಎಂದಾಗ ಎರಡನೇ ಮಾತಾಡದೆ ಒಪ್ಪಿಕೊಂಡೆ.

ನೇತ್ರಾಣಿ ಇರುವುದು ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಹೃದಯದ ಆಕಾರ ಕಾಣುತ್ತದೆ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ. ನಾವು ಆರಿಸಿಕೊಂಡದ್ದು ಡಿಸೆಂಬರ್‌ನ ಎರಡನೇ ಶನಿವಾರ, ಏಕೆಂದರೆ ನಮ್ಮಲ್ಲೊಬ್ಬ ಬ್ಯಾಂಕಿನವನು. ನಾಲ್ಕನೆಯವನು ನನ್ನ ಮಾವನ ಮಗ, ಹಿರಿಯೂರಿನ ಈರುಳ್ಳಿ ಬೆಳೆಗಾರ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕಾರು ಹೊರಟಿತು. ಹೊಳಲ್ಕೆರೆಯಲ್ಲಿ ಮೇಷ್ಟ್ರನ್ನು ಹತ್ತಿಸಿಕೊಂಡು ಶಿವಮೊಗ್ಗ, ಸಾಗರ, ಹೊನ್ನಾವರ ದಾಟಿ ಮುರುಡೇಶ್ವರ ಸೇರುವಾಗ ರಾತ್ರಿ ಒಂಬತ್ತೂವರೆ.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಸಂಸ್ಥೆಗೆ ತಲಾ 4,500 ರೂಪಾಯಿ ಕೊಟ್ಟೆವು. ದೋಣಿ, ಸಲಕರಣೆ, ಒಬ್ಬೊಬ್ಬರಿಗೆ ಒಬ್ಬೊಬ್ಬ ತರಬೇತುದಾರ, ನಾಲ್ಕೈದು ಫೋಟೊ, ಒಂದು ಚಿಕ್ಕ ವಿಡಿಯೊ ಎಲ್ಲವೂ ಅದರಲ್ಲೇ. ನೀರಿನೊಳಗೆ ಅರ್ಧ ಗಂಟೆ ಎಂದು ಹೇಳಿದ್ದರು. ನನ್ನ ಕೈಗಡಿಯಾರದ ಪ್ರಕಾರ ಸಿಕ್ಕಿದ್ದು ಇಪ್ಪತ್ತೆರಡು ನಿಮಿಷ. ಆದರೂ ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದೇ ಹೇಳುತ್ತೇನೆ. ಅದಕ್ಕೆ ಕಾರಣ ಒಬ್ಬ ಮನುಷ್ಯ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಳಿಗ್ಗೆ ಏಳಕ್ಕೇ ಕರೆದಿದ್ದರು. ನಾನು ಅರ್ಧ ಗಂಟೆ ಮೊದಲೇ ಹೋದೆ, ಸಾಮಾನು ನೋಡಬೇಕಿತ್ತು. ನಮ್ಮ ಕಡೆ ಎಲ್ಲರೂ ಅದನ್ನು ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅದರಲ್ಲಿ ಇರುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. ತುಂಬಿದ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ. ಕಾರಿನ ಚಕ್ರದಲ್ಲಿ ಇರುವುದು ಎರಡು ಬಾರ್‌ಗಿಂತ ತುಸು ಹೆಚ್ಚು. ಅದಕ್ಕೆ ಹೋಲಿಸಿದರೆ ಇದು ಎಂಥ ಒತ್ತಡ ಎಂದು ತಿಳಿಯುತ್ತದೆ. ಗಾಳಿ ತುಂಬುವ ಕಂಪ್ರೆಸರ್ ಶೆಡ್ಡಿನಲ್ಲಿತ್ತು. ಗಾಳಿ ಎಳೆದುಕೊಳ್ಳುವ ಕೊಳವೆ ಎಲ್ಲಿದೆ ಎಂದು ಕೇಳಿದೆ. ಪಕ್ಕದಲ್ಲಿ ಡೀಸೆಲ್ ಎಂಜಿನ್ನಿನ ಹೊಗೆ ಇದ್ದರೆ ಆ ವಿಷಗಾಳಿಯೇ ಸಿಲಿಂಡರ್ ಸೇರುತ್ತದೆ, ನೀರಿನಡಿ ಅದನ್ನೇ ಉಸಿರಾಡಬೇಕಾಗುತ್ತದೆ. ಅಲ್ಲಿದ್ದ ಹುಡುಗ ಬೇಸರಿಸದೆ ಶೆಡ್ಡಿನ ಮಾಡಿನ ಮೇಲಕ್ಕೆ ಹೋದ ಕೊಳವೆಯನ್ನು ತೋರಿಸಿದ. ಎಂಜಿನ್ನಿನ ಹೊಗೆಕೊಳವೆ ಎದುರು ದಿಕ್ಕಿಗೆ ಇತ್ತು. ನನ್ನ ಮನಸ್ಸು ಅಲ್ಲೇ ಅರ್ಧ ನಿರಾಳವಾಯಿತು.

ಇನ್ನರ್ಧ ನಿರಾಳವಾದದ್ದು ಒಂದು ಓ-ರಿಂಗಿನಿಂದ. ಸಿಲಿಂಡರ್‌ನ ಬಾಯಿಗೂ ರೆಗ್ಯುಲೇಟರಿಗೂ (ಒತ್ತಡ ಇಳಿಸಿ ಗಾಳಿಯನ್ನು ನಮ್ಮ ಬಾಯಿಗೆ ಕೊಡುವ ಸಾಧನ) ನಡುವೆ ಬೆರಳುಗುರಿನಷ್ಟು ಸಣ್ಣ ರಬ್ಬರ್ ಬಳೆ ಕೂರುತ್ತದೆ. ಸಬ್‌ಮರ್ಸಿಬಲ್ ಮೋಟಾರ್ ಬಿಚ್ಚುವ ನಮಗೆ ಸೀಲು, ಓ-ರಿಂಗುಗಳ ಬೆಲೆ ಗೊತ್ತು. ಹತ್ತು ರೂಪಾಯಿಯ ರಬ್ಬರ್ ಸೀಳಿದರೆ ನಲವತ್ತು ಸಾವಿರದ ಮೋಟಾರ್ ಹೋಗುತ್ತದೆ. ಒಂದು ಸಿಲಿಂಡರ್‌ನ ವಾಲ್ವ್ ತೆರೆದಾಗ ಸಣ್ಣಗೆ ಸುಂಯ್ ಎಂದಿತು. ತರಬೇತುದಾರ ವಾಲ್ವ್ ಮುಚ್ಚಿ, ಹಳೆಯ ಬಳೆಯನ್ನು ತೆಗೆದು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದ. ಒಂದು ಕಡೆ ಚಪ್ಪಟೆಯಾಗಿತ್ತು. ಜೇಬಿನ ಡಬ್ಬಿಯಿಂದ ಹೊಸದನ್ನು ತೆಗೆದು ಹಾಕಿದ. ಮತ್ತೆ ತೆರೆದ, ಸದ್ದಿಲ್ಲ. ಯಾರೂ ಹೇಳದೆ, ಯಾರೂ ಕೇಳದೆ ಮಾಡಿದ ಕೆಲಸ ಅದು.

ಮೆಚ್ಚಲಾಗದ ಸಂಗತಿಯೂ ಅದೇ ದಡದಲ್ಲೇ ಆಯಿತು. ಆರೋಗ್ಯದ ಅರ್ಜಿಯನ್ನು ದೋಣಿ ಹತ್ತುವ ಹತ್ತು ನಿಮಿಷ ಮೊದಲು ಕೈಗೆ ಕೊಟ್ಟರು. ಎರಡು ಪುಟ, ಪೂರ್ತಿ ಇಂಗ್ಲಿಷ್. ಆಸ್ತಮಾ, ಹೃದಯದ ಕಾಯಿಲೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಬಸಿರು, ಹೀಗೆ ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಜನ ಓದದೆ ಎಲ್ಲಕ್ಕೂ ಇಲ್ಲ ಎಂದು ಗೀಚಿ ಸಹಿ ಹಾಕುತ್ತಿದ್ದರು. ನಮ್ಮ ಬ್ಯಾಂಕಿನವನು ಓದಿದ. ಅವನಿಗೆ ಚಿಕ್ಕಂದಿನಲ್ಲಿ ಎಡಗಿವಿ ಸೋರುತ್ತಿತ್ತು, ಪರದೆಯಲ್ಲಿ ತೂತಿದೆ ಎಂದು ವೈದ್ಯರು ಹೇಳಿದ್ದರು. ಅದನ್ನು ಬರೆದ. ತರಬೇತುದಾರ ಓದಿ ತಲೆಯಾಡಿಸಿದ: "ವೈದ್ಯರ ಚೀಟಿ ಇಲ್ಲದೆ ನಿಮ್ಮನ್ನು ಇಳಿಸಲಾಗುವುದಿಲ್ಲ ಸರ್. ತಣ್ಣೀರು ಪರದೆ ದಾಟಿ ಒಳಗೆ ಹೋದರೆ ತಲೆ ಸುತ್ತುತ್ತದೆ, ನೀರಿನಡಿ ಮೇಲೆ ಯಾವುದು ಕೆಳಗೆ ಯಾವುದು ಎಂದೇ ತಿಳಿಯುವುದಿಲ್ಲ."

ಅವನ ಮಾತು ನೂರಕ್ಕೆ ನೂರು ಸರಿ. ಏಳೂವರೆ ಗಂಟೆ ಪ್ರಯಾಣ ಮಾಡಿ, ಅರ್ಧ ದಿನದ ರಜೆ ಹಾಕಿ ಬಂದ ಗೆಳೆಯನ ಮುಖ ಮಾತ್ರ ನೋಡಲಾಗಲಿಲ್ಲ. ಮುಂಗಡ ತೆಗೆದುಕೊಂಡ ದಿನವೇ ಈ ಅರ್ಜಿಯನ್ನು ಕನ್ನಡದಲ್ಲಿ ಮೊಬೈಲಿಗೆ ಕಳುಹಿಸಿದ್ದರೆ ಅವನು ಊರಿನಲ್ಲೇ ಕಿವಿ ತೋರಿಸಿಕೊಂಡು ಬರುತ್ತಿದ್ದ. ದೋಣಿ ಹೊರಡುವುದು ಕರ್ನಾಟಕದ ದಡದಿಂದ. ನಾವಿದ್ದ ದೋಣಿಯಲ್ಲಿ ಹದಿನಾಲ್ಕು ಜನರಲ್ಲಿ ಹತ್ತು ಜನ ಕನ್ನಡದವರು. ಕನ್ನಡದ ಅರ್ಜಿ ಇಲ್ಲ ಎನ್ನುವುದು ನನಗೆ ಈಗಲೂ ನೋವಿನ ವಿಷಯ. ಅವನಿಗೆ ವಾಪಸು ಸಿಕ್ಕಿದ್ದು ಸಾವಿರ ರೂಪಾಯಿ, ಜೊತೆಗೆ ನೀರಿನ ಮೇಲೆಯೇ ಮಾಸ್ಕ್ ಹಾಕಿಕೊಂಡು ತೇಲುವ ಅವಕಾಶ. ನನ್ನ ಪ್ರಕಾರ ಅದು ಸಾಲದು.

ದೋಣಿಯ ದಾರಿ ಒಂದೂಕಾಲು ಗಂಟೆ. ವಾಂತಿಯ ಮಾತ್ರೆಯನ್ನು ದೋಣಿಯಲ್ಲಿ ನುಂಗಿದರೆ ತಡವಾಗುತ್ತದೆ, ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಬೆಳಿಗ್ಗೆ ಎರಡು ಇಡ್ಲಿ ಸಾಕು. ಮೇಷ್ಟ್ರು ಕರಾವಳಿಯ ಬನ್ಸ್ ಮೂರು ತಿಂದಿದ್ದರು, ದಾರಿಯುದ್ದಕ್ಕೂ ದೋಣಿಯ ಅಂಚು ಹಿಡಿದು ಕುಳಿತಿದ್ದರು. ಮುರುಡೇಶ್ವರದ ದೊಡ್ಡ ಶಿವನ ಮೂರ್ತಿ, 123 ಅಡಿಯದು, ಹಿಂದೆ ಸರಿದು ಹೆಬ್ಬೆರಳಿನಷ್ಟಾಗಿ ಕೊನೆಗೆ ಮಂಜಿನಲ್ಲಿ ಕರಗಿತು. ದ್ವೀಪ ಹತ್ತಿರವಾದಂತೆ ನೀರಿನ ಬಣ್ಣವೇ ಬೇರೆಯಾಯಿತು. ದಡದ ಬಳಿ ಮಣ್ಣು ಕಲಸಿದ ಹಸಿರು, ಇಲ್ಲಿ ನೀಲಿ. ಲಂಗರಿನ ಹಗ್ಗ ಕೆಳಗೆ ಇಳಿದು ಹೋಗುವುದು ಬಹಳ ದೂರದವರೆಗೆ ಕಾಣುತ್ತಿತ್ತು.

ನೀರಿಗಿಳಿಯುವ ಮೊದಲು ಸನ್ನೆಗಳನ್ನು ಕಲಿಸಿದರು. ಹೆಬ್ಬೆರಳು ಮೇಲೆತ್ತಿದರೆ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗೋಣ ಎಂದು. ಚೆನ್ನಾಗಿದ್ದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಇದಕ್ಕೂ ಮುಖ್ಯವಾದ ಪಾಠ ಒಂದೇ: ಉಸಿರು ಕಟ್ಟಬಾರದು. ನಮ್ಮ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ 33 ಅಡಿ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ, ಮೇಲಿನ ಗಾಳಿಯದೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಆಳದಲ್ಲಿ ಎದೆತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಬಾಯಿ ಕಟ್ಟಿದರೆ ಶ್ವಾಸಕೋಶ ಹರಿಯುತ್ತದೆ. ಬಾವಿ ಈಜಿನವರಿಗೆ ಈ ಪಾಠವೇ ಕಷ್ಟ, ಏಕೆಂದರೆ ಮುಳುಗುವುದು ಎಂದರೆ ಉಸಿರು ಬಿಗಿಹಿಡಿಯುವುದು ಎಂದೇ ನಮ್ಮ ಮೈ ಕಲಿತಿದೆ.

ನಮ್ಮೆಲ್ಲರಿಗಿಂತ ದೊಡ್ಡ ಈಜುಗಾರ ನನ್ನ ಮಾವನ ಮಗ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಊರಿನವರು ದಡದಲ್ಲಿ ನಿಂತು ಕೈಮುಗಿಯುತ್ತಿದ್ದರೆ, ಇವನನ್ನು ನೀರಿಗೆ ಹೋಗದಂತೆ ಹಿಡಿದು ನಿಲ್ಲಿಸಬೇಕಾಗಿತ್ತು. ನೇತ್ರಾಣಿಯಲ್ಲಿ ಕಷ್ಟಪಟ್ಟವನೂ ಅವನೇ. ಹಗ್ಗ ಹಿಡಿದು ಹತ್ತು ಅಡಿ ಇಳಿಯುವಷ್ಟರಲ್ಲಿ ಅವನ ಬಲಗಿವಿ ಕಟ್ಟಿತು. ಮೂಗು ಹಿಡಿದು ಊದಿದ, ಬಿಡಲಿಲ್ಲ.

ನಾನು ಅವನಿಗಿಂತ ಸ್ವಲ್ಪ ಕೆಳಗೆ ನನ್ನ ತರಬೇತುದಾರನ ಜೊತೆ ಹಗ್ಗ ಹಿಡಿದಿದ್ದೆ. ಕತ್ತೆತ್ತಿ ಎಲ್ಲವನ್ನೂ ನೋಡಿದೆ. ಅವನನ್ನು ಇಳಿಸುತ್ತಿದ್ದವನೇ ಓ-ರಿಂಗ್ ಬದಲಿಸಿದ ಹುಡುಗ, ಭಟ್ಕಳ ಕಡೆಯ ಮೀನುಗಾರರ ಮನೆಯವನು. ಅವನು ಕೆಳಗೆ ಎಳೆಯಲಿಲ್ಲ. ಎರಡು ಅಡಿ ಮೇಲಕ್ಕೆ ಕರೆದೊಯ್ದು ನಿಲ್ಲಿಸಿದ. ತನ್ನ ಮಾಸ್ಕಿನ ಗಾಜನ್ನು ಇವನ ಗಾಜಿಗೆ ತೀರಾ ಹತ್ತಿರ ತಂದು ಕಣ್ಣಲ್ಲಿ ಕಣ್ಣಿಟ್ಟು, ತನ್ನ ದವಡೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ ತೋರಿಸಿದ, ಎಂಜಲು ನುಂಗುವಂತೆ ಗಂಟಲು ಮುಟ್ಟಿ ತೋರಿಸಿದ. ಮತ್ತೆ ಇಳಿದರು, ಮತ್ತೆ ಕಟ್ಟಿತು, ಮತ್ತೆ ಮೇಲೆ. ಹೀಗೆ ನಾಲ್ಕು ಸಲ. ಇನ್ನೊಂದು ತಂಡ ಮೇಲೆ ದೋಣಿಯಲ್ಲಿ ಕಾಯುತ್ತಿತ್ತು. ಆ ಹುಡುಗನ ಮುಖದಲ್ಲಿ ಅವಸರದ ಗೆರೆಯೂ ಇರಲಿಲ್ಲ. ಐದನೇ ಸಲಕ್ಕೆ ಮಾವನ ಮಗನ ಕಣ್ಣು ಒಮ್ಮೆಲೇ ಅಗಲವಾದವು. ಕೈ ಎತ್ತಿ ಸೊನ್ನೆ ತೋರಿಸಿದ. ಹುಡುಗ ಅವನ ಭುಜ ತಟ್ಟಿದ. ಸಮುದ್ರದ ಮೀನುಗಳಿಗಿಂತ ಆ ತಾಳ್ಮೆಯೇ ನನಗೆ ಹೆಚ್ಚು ನೆನಪಾಗುತ್ತದೆ. ಬಿಡದ ಕಿವಿಯನ್ನು ಬಲವಂತವಾಗಿ ಇಳಿಸಿದ್ದರೆ ಪರದೆ ಹರಿಯುತ್ತಿತ್ತು, ಈರುಳ್ಳಿ ಕೀಳುವ ಕಾಲಕ್ಕೆ ಅವನು ಆಸ್ಪತ್ರೆಯಲ್ಲಿರುತ್ತಿದ್ದ.

ಮೂವತ್ತು ಅಡಿಯ ಆಳದಲ್ಲಿ ನನ್ನ ಬಲಗೈ ನೋಡಿಕೊಂಡೆ. ದಸರೆಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಮಣಿಕಟ್ಟಿನಲ್ಲಿತ್ತು. ಅದು ಕೆಂಪಾಗಿರಲಿಲ್ಲ, ಕಾಫಿ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ನೀರು ಬೆಳಕಿನ ಕೆಂಪನ್ನೇ ಮೊದಲು ಹೀರುತ್ತದೆ. ತರಬೇತುದಾರ ಟಾರ್ಚ್ ಹಾಕಿದೊಡನೆ ದಾರ ಭಗ್ಗನೆ ಕೆಂಪಾಯಿತು, ಟಾರ್ಚ್ ಆರಿಸಿದೊಡನೆ ಮತ್ತೆ ಕಂದಿತು. ಬಂಡೆಯ ಸಂದಿನಿಂದ ಒಂದು ಹಾವುಮೀನು ತಲೆ ಮಾತ್ರ ಹೊರಗಿಟ್ಟು ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. ಎಲ್ಲಿಂದಲೋ ಹುರಿಗಡಲೆ ಅಗಿಯುವಂತಹ ಸದ್ದು ಬರುತ್ತಿತ್ತು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ದಿಕ್ಕು ತಿಳಿಯುವುದಿಲ್ಲ. ತಿರುಗಿ ತಿರುಗಿ ನೋಡಿದಾಗ ಸಿಕ್ಕಿತು: ಹಸಿರು ನೀಲಿ ಬಣ್ಣದ ಗಿಳಿಮೀನು, ಕೊಕ್ಕಿನಂಥ ಹಲ್ಲಿನಿಂದ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ಕೆರೆದು ತಿನ್ನುತ್ತಿತ್ತು. ಅದು ಕಡಿದ ಹವಳದ ಕಲ್ಲು ಹೊಟ್ಟೆಯಲ್ಲಿ ಅರೆದು ಮರಳಾಗಿ ಹೊರಬರುತ್ತದೆ. ನೋಡುತ್ತಿದ್ದಂತೆ ಅದರ ಹಿಂದೆ ಬಿಳಿಯ ಪುಡಿ ಮೋಡದಂತೆ ಚೆಲ್ಲಿತು.

ಇದನ್ನೇ ಇನ್ನೂ ಐದು ನಿಮಿಷ ನೋಡುವ ಆಸೆಯಿತ್ತು. ಆದರೆ ಫೋಟೊದ ಸರದಿ ಬಂತು. ಎಲ್ಲರನ್ನೂ ಒಂದೇ ಬಂಡೆಯ ಮುಂದೆ ನಿಲ್ಲಿಸಿ, ಹೀಗೆ ಕೈ ಮಾಡಿ ಹಾಗೆ ಮಾಡಿ ಎಂದು ಆರೇಳು ನಿಮಿಷ ಕಳೆದರು. ಪಕ್ಕದ ತಂಡದ ಒಬ್ಬರು ಫೋಟೊಗಾಗಿ ಹವಳವನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಅದು ಜೀವ, ಗೂಟವಲ್ಲ. ಮುಟ್ಟಬಾರದು ಎಂದು ದೋಣಿಯಲ್ಲಿ ಒಂದು ಸಲ ಹೇಳಿದ್ದರು ನಿಜ, ಕೆಳಗೆ ಅವರ ಕೈ ಬಿಡಿಸಿದವರು ಮಾತ್ರ ಯಾರೂ ಇರಲಿಲ್ಲ. ಫೋಟೊ ಬೇಡ ಎಂದು ಮೊದಲೇ ಹೇಳಿದರೆ ಆ ಸಮಯವೂ ನಿಮಗೇ ಉಳಿಯುತ್ತದೆ. ನಾನು ಮುಂದಿನ ಸಲ ಹಾಗೇ ಹೇಳುವವನು.

ನಮ್ಮ ಕಡೆಯವರು ತಿಳಿದುಕೊಳ್ಳಬೇಕಾದ ಇನ್ನೊಂದು ಸಂಗತಿ ಇದೆ. ಒಂದು ಸಲ ಮುಳುಗಿ ಬಂದ ಮೇಲೆ ಕನಿಷ್ಠ 12 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ, ಒತ್ತಡದಲ್ಲಿ ರಕ್ತ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ನಮಗೆ ವಿಮಾನವಿಲ್ಲ, ಆದರೆ ಘಟ್ಟವಿದೆ, ಅಲ್ಲೂ ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಮೇಷ್ಟ್ರು ಇದನ್ನು ಕೇಳಿದಾಗ ಭಟ್ಕಳದ ಹುಡುಗ, "ಇಷ್ಟು ಕಡಿಮೆ ಆಳಕ್ಕೆ ಭಯವಿಲ್ಲ ಸರ್, ಆದರೂ ಇವತ್ತು ಉಳಿದು ನಾಳೆ ಹತ್ತಿ" ಎಂದ. ಶನಿವಾರ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಭಾನುವಾರ ಬೆಳಿಗ್ಗೆ ಘಟ್ಟ ಹತ್ತಿದೆವು. ಶನಿವಾರ ಮುಳುಗಿ ಅಂದೇ ಸಂಜೆ ಊರಿಗೆ ಹೊರಡುವ ಲೆಕ್ಕ ಹಾಕಬೇಡಿ.

ಅಂಕ ಕೊಡುವುದಾದರೆ ಸಲಕರಣೆಗೂ ತರಬೇತುದಾರರಿಗೂ ಐದಕ್ಕೆ ಐದು, ಕಚೇರಿಯ ವ್ಯವಸ್ಥೆಗೆ ಎರಡು. ಆರೋಗ್ಯದ ಅರ್ಜಿಯ ವಿಷಯ, ಹವಳದ ವಿಷಯ ಎರಡನ್ನೂ ಸಂಸ್ಥೆಯವರಿಗೆ ಕನ್ನಡದಲ್ಲಿ ಬರೆದು ಕಳುಹಿಸಿದ್ದೇನೆ. ಕನ್ನಡದ ಅರ್ಜಿಯನ್ನು ಮೇಷ್ಟ್ರೇ ಬರೆದುಕೊಡುತ್ತಾರೆ, ಹಣ ಬೇಡ ಎಂದೂ ತಿಳಿಸಿದ್ದೇನೆ.

ಬ್ಯಾಂಕಿನವನು ಕಳೆದ ಸೋಮವಾರ ಕಿವಿಯ ವೈದ್ಯರ ಹತ್ತಿರ ಹೋಗಿ ಬಂದ. ತೂತು ಯಾವಾಗಲೋ ಮುಚ್ಚಿಕೊಂಡಿದೆಯಂತೆ. ಇನ್ನೊಂದು ಪರೀಕ್ಷೆ ಬಾಕಿ ಇದೆ, ಆಮೇಲೆ ಚೀಟಿಯ ಮಾತು. ಚೀಟಿ ಸಿಕ್ಕರೆ ಮಳೆಗಾಲಕ್ಕೆ ಮೊದಲು, ಏಪ್ರಿಲ್‌ನ ಎರಡನೇ ಶನಿವಾರಕ್ಕೆ ಹೋಗುವುದೆಂದು ಮಾತಾಗಿದೆ. ಅದೇ ಭಟ್ಕಳದ ಹುಡುಗ ಅವನನ್ನು ಇಳಿಸಬೇಕು ಎಂದು ಈಗಲೇ ಫೋನು ಮಾಡಿ ಹೇಳಿಟ್ಟಿದ್ದೇನೆ.