ತೆಂಗಿನ ಗರಿ ಪುಡಿ ಮಾಡುವ ಬಾಡಿಗೆ ಯಂತ್ರ: ಗುಬ್ಬಿ ಸೀಮೆಯ ತೋಟದಲ್ಲಿ ಕಂಡದ್ದು

ಗುಬ್ಬಿ ತಾಲ್ಲೂಕಿನ ನಮ್ಮ ತೋಟಕ್ಕೆ ಮುಂಗಾರಿಗೆ ಮೊದಲು, ಟ್ರ್ಯಾಕ್ಟರ್‌ಗೆ ಜೋಡಿಸುವ ಗರಿ ಕತ್ತರಿಸುವ ಯಂತ್ರವನ್ನು ಬಾಡಿಗೆಗೆ ಕರೆಸಿದ್ದೆವು. 30 ಅಡಿ ಅಂತರದ ತೋಟದಲ್ಲಿ ಎಕರೆಗೆ 48 ಮರಗಳು. ಮರವೊಂದು ವರ್ಷಕ್ಕೆ ಸುಮಾರು 12 ಗರಿ ಬೀಳಿಸುವುದರಿಂದ ಎಕರೆಗೆ ಐನೂರಕ್ಕೂ ಹೆಚ್ಚು ಗರಿ ಸೇರುತ್ತದೆ. ರಾಗಿ ಹುಲ್ಲು ದನಕ್ಕೆ ಬೇಕು, ಮಟ್ಟೆಗೆ ನಾರಿನ ಘಟಕದವರು ಗಿರಾಕಿಗಳು; ಒಲೆಗೂ ಚಪ್ಪರಕ್ಕೂ ಹೋಗಿ ಉಳಿದ ಗರಿಗೆ ಮಾತ್ರ ಬದುವಿನ ಬೆಂಕಿಯೇ ಗತಿಯಾಗಿತ್ತು.

ಗರಿಯ ತೆಳುವಾದ ಭಾಗವನ್ನು ಯಂತ್ರ ಚೆನ್ನಾಗಿ ನುರಿಸುತ್ತದೆ. ಆದರೆ ದಪ್ಪನೆಯ ಬುಡ ಪದೇ ಪದೇ ಸಿಕ್ಕಿಕೊಳ್ಳುತ್ತದೆ, ಮಣ್ಣು ಮೆತ್ತಿದ ಗರಿ ಅಲಗನ್ನು ಬೇಗ ಮೊಂಡಾಗಿಸುತ್ತದೆ. ಬಾಡಿಗೆ ಗಂಟೆಯ ಲೆಕ್ಕದ್ದಾದ್ದರಿಂದ, ಸಿಕ್ಕಿದ್ದನ್ನು ಬಿಡಿಸುವ ಹೊತ್ತಿಗೂ ನಮ್ಮಿಂದಲೇ ಹಣ ಪಡೆದದ್ದು ಸರಿ ಕಾಣಲಿಲ್ಲ. ಈ ವಿಷಯವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಬುಡವನ್ನು ಮಚ್ಚಿನಿಂದ ಕಡಿದು ಒಲೆಗೆ ಎತ್ತಿಟ್ಟ ಮೇಲೆ ಕೆಲಸ ಸಲೀಸಾಯಿತು. ಚಾಲಕನ ಕೈಚಳಕಕ್ಕೆ ಪೂರ್ತಿ ಅಂಕ ಕೊಡಬೇಕು.

ಯಂತ್ರದ ನಿಜವಾದ ಬೆಲೆ ತಿಳಿದದ್ದು ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಸೆಣಬಿನ (ಸನ್‌ಹೆಂಪ್) ಜೊತೆಯಲ್ಲಿ. ಬರಿಯ ಗರಿಪುಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನೇ ಮಣ್ಣಿಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ. ಮೊದಲ ಮಳೆಗೆ ಸಾಲುಗಳ ನಡುವೆ ಸೆಣಬು ಚೆಲ್ಲಿ, ಸುಮಾರು 45 ದಿನಕ್ಕೆ ಹೂ ಕಾಣಿಸಿಕೊಳ್ಳುವ ಹೊತ್ತಿನಲ್ಲಿ ಕತ್ತರಿಸಿ ಗರಿಪುಡಿಯೊಡನೆ ಪಾತಿಗೆ ಹರಡಿದಾಗ, ಬೇರುಗಂಟುಗಳ ಮೂಲಕ ಗಾಳಿಯಿಂದ ಪಡೆದ ಸಾರಜನಕ ಈ ಕೊರತೆಯನ್ನು ತುಂಬುತ್ತದೆ. ಇನ್ನೂ ಬಲಿಯಲು ಬಿಟ್ಟರೆ ಸೆಣಬೇ ನಾರಾಗಿ ನಿಧಾನವಾಗಿ ಕೊಳೆಯುತ್ತದೆ. ಹುರುಳಿ ಅಥವಾ ಅಲಸಂದೆಯೂ ಆಗುತ್ತದೆ, ಆದರೆ ನೆರಳು ದಟ್ಟವಾದ ಕಡೆ ಯಾವುದೂ ಸೊಗಸಾಗಿ ಬೆಳೆಯುವುದಿಲ್ಲ. ಹಸಿರೆಲೆ ಗೊಬ್ಬರದ ಬೀಜವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಎರಡು ಮೂರು ಎಕರೆಯವರು ಒಬ್ಬೊಬ್ಬರೇ ಕರೆಸಿದರೆ ಬಾಡಿಗೆ ಭಾರವಾಗುತ್ತದೆ. ಅಕ್ಕಪಕ್ಕದವರು ಗರಿ ಒಟ್ಟುಗೂಡಿಸಿಕೊಂಡು ಕರೆಸಿದರೆ ಹೊರೆ ಹಂಚಿಹೋಗುತ್ತದೆ. ಪುಡಿಯನ್ನು ಮಾತ್ರ ತೋಟದ ಮೂಲೆಯಲ್ಲಿ ರಾಶಿ ಹಾಕಿ ಮರೆಯಬಾರದು, ಏಕೆಂದರೆ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆಯಿಡುವುದು ಇಂಥ ಕೊಳೆಯುವ ರಾಶಿಯಲ್ಲೇ.