ಬೇಕಲ, ಅನಂತಪುರ, ಮಂಜೇಶ್ವರ: ಗುಂಪಿನ ಸೈಕಲ್ ಸವಾರಿಗೆ ಯಾವ ದಾರಿ?

ಕಾಸರಗೋಡಿನಿಂದ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಎಲ್ಲಿಗೆ ಹೋಗುವುದು ಅನ್ನುವ ಜಗಳ ನಮ್ಮಲ್ಲಿ ಮುಗಿಯುವುದೇ ಇಲ್ಲ. ನಾವು ಎಂಟು ಜನ. ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಯಾರಾದರೂ ‘ನಾಳೆ ಉಂಟಾ?’ ಅಂತ ಹಾಕುತ್ತಾರೆ, ಉಳಿದವರು ಹೆಬ್ಬೆಟ್ಟು ಒತ್ತುತ್ತಾರೆ, ಬೆಳಿಗ್ಗೆ ಆರಕ್ಕೆ ಪೇಟೆಯಲ್ಲಿ ಸೇರುತ್ತೇವೆ. ಇಬ್ಬರದ್ದು ಸಪೂರ ಟಯರಿನ ರೋಡ್ ಬೈಕು. ಐದು ಜನರದ್ದು ಗೇರ್ ಇರುವ ಸಾಧಾರಣ ಸೈಕಲ್. ಇನ್ನೊಂದು, ನಿವೃತ್ತ ಮಾಷ್ಟ್ರ ಹಳೇ ಹರ್ಕ್ಯುಲಿಸ್. ಗೇರ್ ಇಲ್ಲ, ಹಿಂದೆ ಕ್ಯಾರಿಯರ್, ಮುಂದೆ ಉರಿಯದ ಡೈನಮೊ ಲೈಟು.

ಈ ಚಳಿಗಾಲದಲ್ಲಿ ಮೂರು ದಾರಿಗಳನ್ನೂ ಸರಿಯಾಗಿ ನೋಡಿದೆವು. ನಾನು ಅಳೆದದ್ದು ಮಾತ್ರ ಹರ್ಕ್ಯುಲಿಸ್ ಲೆಕ್ಕದಲ್ಲಿ. ಮಾಷ್ಟ್ರು ಚಾ ಅಂಗಡಿಗೆ ಮುಟ್ಟುವಾಗ ಉಳಿದವರ ಗ್ಲಾಸು ಖಾಲಿಯಾಗಿ ಒಣಗಿರಬಾರದು. ಹಾಗಾದರೆ ಅದಕ್ಕೆ ಗುಂಪು ಅಂತ ಯಾಕೆ ಹೇಳಬೇಕು, ಅಲ್ವಾ?

ಎಲ್ಲರೂ ಮೊದಲು ಹೇಳುವುದು ಬೇಕಲ. ಚಂದ್ರಗಿರಿ ಸೇತುವೆ, ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ಆಮೇಲೆ ಕೋಟೆ. ಹೋಗಲು ಸುಮಾರು 16 ಕಿ.ಮೀ., ಬರಲು ಅಷ್ಟೇ. ಸೇತುವೆ ಮೇಲೆ ಬೆಳಿಗ್ಗೆ ಆರೂವರೆಗೆ ನಿಂತರೆ ಹೊಳೆ ಮೇಲೆ ಮಂಜು ಇನ್ನೂ ಎದ್ದಿರುವುದಿಲ್ಲ, ದೋಣಿಯ ಸದ್ದು ಕೇಳುತ್ತದೆ, ದೋಣಿ ಕಾಣುವುದಿಲ್ಲ. ಇಡೀ ದಾರಿಯಲ್ಲಿ ನನಗೆ ಇಷ್ಟವಾದ ಜಾಗ ಅದೇ. ಆದರೆ ಅಲ್ಲಿಂದ ಮುಂದೆ ಏರು. ಮೇಲ್ಪರಂಬ ಅನ್ನುವ ಹೆಸರಲ್ಲೇ ‘ಮೇಲೆ’ ಇದೆ, ನಾವು ಗಮನಿಸಬೇಕಿತ್ತು. ಏರು ದೊಡ್ಡದಲ್ಲ, ತೊಂದರೆ ಇರುವುದು ಬಸ್ಸುಗಳಲ್ಲಿ. ಕಾಞಂಗಾಡ್ ಕಡೆಯ ಬಸ್ಸು ಬೆನ್ನ ಹಿಂದೆ ಬಂದು ಹಾರ್ನ್ ಒತ್ತಿದರೆ ಎಂಟು ಸೈಕಲ್ಲೂ ಒಂದರ ಹಿಂದೆ ಒಂದು ಅಂಚಿಗೆ ಸರಿಯಬೇಕು. ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೇ ಪಾಲಕುನ್ನು ಮುಟ್ಟುವಾಗ ರೋಡ್ ಬೈಕಿನವರು ಒಂದೂವರೆ ಕಿಲೋಮೀಟರ್ ಮುಂದೆ, ಮಾಷ್ಟ್ರು ಹಿಂದೆ, ನಾನು ನಡುವೆ ಫೋನು ಹಿಡಿದುಕೊಂಡು ‘ಎಲ್ಲಿದ್ದೀರಿ’ ಅಂತ ಎರಡೂ ಕಡೆಗೆ ಕೇಳುತ್ತಾ ಇದ್ದೆ.

ಕೋಟೆ ಚಂದ. ಅದರಲ್ಲಿ ಎರಡು ಮಾತಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು ಅಂತ ಹೇಳುವ, ಸುಮಾರು 40 ಎಕರೆಯ ಕೋಟೆ, ಮೂರು ಕಡೆ ಕಡಲು. ಆದರೆ ನಾವು ಮುಟ್ಟುವಾಗ ಬಾಗಿಲು ತೆರೆದಿರಲಿಲ್ಲ. ತೆರೆದಿದ್ದರೂ ಸೈಕಲ್ ಹೊರಗೆ ಬಿಟ್ಟು ಹೋಗಬೇಕು, ಕಾವಲಿಗೆ ಒಬ್ಬ ಕೂರಬೇಕು, ಅವನ ಮುಖ ನೋಡಿ ಉಳಿದವರೂ ಬೇಗ ಬರಬೇಕು. ಕಡಲಕರೆಯಲ್ಲಿ ಸ್ವಲ್ಪ ಹೊತ್ತು ಕೂತು ವಾಪಸ್ ಹೊರಟೆವು.

ಅಸಲು ಕಷ್ಟ ಆಮೇಲೆ. ನಮ್ಮ ಕರಾವಳಿಯಲ್ಲಿ ಬೇಸಗೆ ಹತ್ತಿರವಾದ ಹಾಗೆ ಬಿಸಿಲೇರಿದ ಮೇಲೆ ಕಡಲ ಗಾಳಿ ಏಳುತ್ತದೆ, ಅದೂ ಹೆಚ್ಚಾಗಿ ವಾಯವ್ಯದಿಂದ. ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಅದಕ್ಕೆ ಗಾಳಿ ಒಳಗೆ ನುಗ್ಗುತ್ತದೆ. ಬೆಳಿಗ್ಗೆ ತೆಂಕಕ್ಕೆ ಹೋದವರು ಹತ್ತೂವರೆಗೆ ಬಡಗಕ್ಕೆ ತಿರುಗಿದರೆ ಆ ಗಾಳಿ ಮುಖಕ್ಕೇ. ಉದುಮದ ಹತ್ತಿರ ಮಾಷ್ಟ್ರ ಅಂಗಿ ಹಿಂದೆ ಕೊಡೆಯ ಹಾಗೆ ಉಬ್ಬಿತ್ತು. ಬೊಂಡ ಕುಡಿಯಲು ಎರಡು ಸಲ ನಿಲ್ಲಿಸಿದೆವು, ಎರಡನೇ ಸಲ ಯಾರಿಗೂ ಬಾಯಾರಿಕೆ ಇರಲಿಲ್ಲ.

ಮಂಜೇಶ್ವರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಬಂದದ್ದೇ ನಾಲ್ಕು ಜನ. ಹೋಗಿ ಬಂದರೆ 55 ಕಿ.ಮೀ. ದಾಟುತ್ತದೆ ಅಂದ ಕೂಡಲೇ ಮಾಷ್ಟ್ರು ‘ನೀವು ಸೈಕಲಲ್ಲಿ ಬನ್ನಿ, ನಾನು ಲೋಕಲಲ್ಲಿ ಬರ್ತೇನೆ’ ಅಂದುಬಿಟ್ಟರು. ಆರು ಪಥದ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರಿನಿಂದಲೂ ವಾಹನ ಬರುತ್ತದೆ, ಬಲಕ್ಕೆ ಕಾಂಕ್ರೀಟ್ ಗೋಡೆ, ಸೊಗಸು ಏನೂ ಇಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇದ್ದಲ್ಲಿನ ಸ್ಮಾರಕ ‘ಗಿಳಿವಿಂಡು’ ನೋಡಿದೆವು, ಕಣ್ವತೀರ್ಥದ ಮರಳಿನಲ್ಲಿ ಸೈಕಲ್ ತಳ್ಳಿದೆವು. ವಾಪಸ್ ಬರುವಾಗ ಗಾಳಿ ಬೆನ್ನಿಗಿತ್ತು, ಉಪ್ಪಳದಿಂದ ಕುಂಬಳೆಯವರೆಗೆ ಪೆಡಲ್ ತಿರುಗಿದ್ದೇ ಗೊತ್ತಾಗಲಿಲ್ಲ. ಒಬ್ಬನೇ ಹೋಗುವವನಿಗೆ, ಕಾಲಲ್ಲಿ ದಮ್ಮು ಇದ್ದವನಿಗೆ ಈ ದಾರಿ ಆದೀತು.

ಈಗ ಅನಂತಪುರ. ಇದನ್ನು ನಾನೇ ಹಟ ಮಾಡಿ ಹಾಕಿಸಿದ್ದು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೀತು. ಹೆದ್ದಾರಿ ಬಿಟ್ಟು ಉಳಿಯತ್ತಡ್ಕದ ಮೇಲೆ ಒಳದಾರಿ ಹಿಡಿಯಬೇಕು. ಮಧೂರಿಗೆ ಹೊಗ್ಗಬಾರದು, ಹೊಕ್ಕರೆ ದೇವಸ್ಥಾನದ ಅಪ್ಪದ ಆಸೆಗೆ ಅರ್ಧ ಜನ ಅಲ್ಲೇ ಉಳಿಯುತ್ತಾರೆ. ಮಾಯಿಪ್ಪಾಡಿ, ಸೀತಾಂಗೋಳಿ, ಅಲ್ಲಿಂದ ಅನಂತಪುರ. ಬಸ್ಸು ಇಲ್ಲಿಯೂ ಇದೆ, ಆದರೆ ಎರಡು ಬಸ್ಸಿನ ನಡುವೆ ಪುರುಸೊತ್ತೂ ಇದೆ. ಇಬ್ಬಿಬ್ಬರು ಜೊತೆಯಾಗಿ ಮಾತಾಡುತ್ತಾ ಹೋಗಬಹುದು. ಅಡಿಕೆ ತೋಟದ ತಂಪು, ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ವಾಸನೆ, ನಡುನಡುವೆ ಗದ್ದೆ.

ಏರು ಬೇಕಲಕ್ಕಿಂತ ಜಾಸ್ತಿ. ಸುಳ್ಳು ಹೇಳುವುದಿಲ್ಲ. ಆದರೆ ಏರಿನಲ್ಲಿ ಮಾಷ್ಟ್ರು ಇಳಿದು ತಳ್ಳಲು ಸುರು ಮಾಡಿದರೆ ನಾವೂ ಇಳಿದು ಜೊತೆಗೆ ತಳ್ಳಿದೆವು. ಬೇಕಲದ ರಸ್ತೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮೇಲೆ ಮುಟ್ಟಿದರೆ ಬಯಲು, ಮುರಕಲ್ಲಿನ ಪಾದೆ, ಒಣಗಿ ಹಳದಿಯಾದ ಹುಲ್ಲು. ಕೆರೆಯ ನಡುವಿನ ದೇವಸ್ಥಾನ ದೂರದಿಂದ ಕಾಣುವುದೇ ಇಲ್ಲ, ತಗ್ಗಿನಲ್ಲಿ ಅಡಗಿದೆ. ಬಬಿಯಾ ಅನ್ನುವ ಮೊಸಳೆ ಇದ್ದದ್ದು ಇದೇ ಕೆರೆಯಲ್ಲಿ, ನೈವೇದ್ಯದ ಅನ್ನ ತಿನ್ನುತ್ತಿತ್ತು, 2022ರ ಅಕ್ಟೋಬರಿನಲ್ಲಿ ಸತ್ತಿತು. ಮಾಷ್ಟ್ರು ಶಾಲೆ ಮಕ್ಕಳನ್ನು ಅದನ್ನು ತೋರಿಸಲು ಕರೆತಂದ ಕಥೆ ಹೇಳುತ್ತಾ ಅರ್ಧ ಗಂಟೆ ಕೂತರು. ಅಷ್ಟು ಹೊತ್ತು ಯಾರೂ ಗಡಿಯಾರ ನೋಡಲಿಲ್ಲ.

ವಾಪಸ್ ನಾಯ್ಕಾಪಿಗೆ ಇಳಿದು ಕುಂಬಳೆ, ಮೊಗ್ರಾಲು ಮೂಲಕ. ಇಳಿಜಾರು, ಆಮೇಲೆ ಬೆನ್ನಿಗೆ ಗಾಳಿ. ಕುಂಬಳೆಯಲ್ಲಿ ಗೋಳಿಬಜೆ, ಚಾ. ಒಟ್ಟು 37 ಕಿ.ಮೀ. ಆಸುಪಾಸು, ಬೇಕಲಕ್ಕಿಂತ ಜಾಸ್ತಿಯೇ, ಆದರೆ ಮನೆಗೆ ಬಂದಾಗ ಸುಸ್ತು ಕಡಿಮೆ.

ಒಂದು ದೂರು ಮಾತ್ರ ಇದೆ. ಬೇಕಲದಿಂದ ಬಂದ ಮೇಲೆ ಚೈನಿಗೆ ಅಂಟಿದ್ದ ಮರಳು ಬಟ್ಟೆಯಲ್ಲಿ ಒರೆಸಿದರೆ ಉದುರಿತ್ತು. ಅನಂತಪುರದ ಕೆಂಪು ಹುಡಿ ಹಾಗಲ್ಲ. ಎಣ್ಣೆ ಜೊತೆ ಸೇರಿ ಕುಂಕುಮ ಕಲಸಿದ ಹಾಗೆ ಕೊಂಡಿ ಕೊಂಡಿಗೂ ಕೂರುತ್ತದೆ, ಸೀಮೆಎಣ್ಣೆ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದು ಗಂಟೆ ತಿಕ್ಕಿದೆ. ಮಾಷ್ಟ್ರನ್ನು ಕೇಳಿದರೆ ‘ನಂದು ಚೈನ್ ಕವರ್ ಉಂಟಲ್ಲ’ ಅಂತ ನಕ್ಕರು. ನಾಡಿದ್ದು ಭಾನುವಾರ ಪುನಃ ಅಲ್ಲಿಗೇ ಅಂತ ಆಗಿದೆ, ರೋಡ್ ಬೈಕಿನವರಲ್ಲಿ ಒಬ್ಬ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ.