ಹಳಿ ಪಕ್ಕದ ಮನೆಗೆ ಸದ್ದು ತಡೆಯುವ ಪ್ಯಾನೆಲ್ ಗೋಡೆ: ವಿಜಯಪುರದ ಎರಿ ಮಣ್ಣಿನಲ್ಲಿ ಹೇಗೆ ಬಾಳಿದೆ?

ಪ್ಯಾನೆಲ್ಲಿಗೆ ನಾಲ್ಕು ಸ್ಟಾರ್. ಅದನ್ನು ಕೂರಿಸಿದ ಕೆಲಸಕ್ಕೆ ಎರಡು ಕೊಟ್ಟರೂ ಹೆಚ್ಚೇ.

ಹಿಂಬದಿಗೆ 1.2 ಮಿ.ಮೀ. ಜಿಐ (ಸತು ಲೇಪಿಸಿದ) ಶೀಟು, ಹಳಿ ಕಡೆಗೆ ತೂತಿನ ಶೀಟು, ನಡುವೆ 50 ಮಿ.ಮೀ. ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು. ತೂಕ ಚದರ ಮೀಟರಿಗೆ 15 ಕಿಲೋ ದಾಟುತ್ತದೆ. 10 ಕಿಲೋಕ್ಕಿಂತ ಹಗುರದ್ದನ್ನು 'ಸೌಂಡ್‌ಪ್ರೂಫ್' ಅಂತ ಮಾರಲು ಬಂದರೆ ಬ್ಯಾಡ ಅನ್ನಿ, ಸದ್ದು ಶೀಟಿನೊಳಗಿಂದಲೇ ತೂರಿ ಬರುತ್ತದೆ. ತೂತಿನ ಮೈ ಹಳಿ ಕಡೆಗೇ ಇರಬೇಕು. ತಿರುವಿ ಹಾಕಿದರೆ ಸದ್ದು ಬೋಗಿಗೂ ಗೋಡೆಗೂ ನಡುವೆ ಪುಟಿದು ಮೇಲಿಂದ ದಾಟುತ್ತದೆ.

ಹೋಟಗಿ–ಗದಗ ಮಾರ್ಗದ ಗೂಡ್ಸ್ ಗಾಡಿಗಳ ಗಾಲಿ ಸದ್ದಿಗೆ ಇದು ಸರಿಯಾದ ಮದ್ದು. ಗಾಲಿ ಕಣ್ಣಿಗೆ ಮರೆಯಾದರೆ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಗೋಡೆ ಇನ್ನೂ ಎತ್ತರವಿದ್ದರೆ 10ರವರೆಗೆ, ಅಂದರೆ ಕಿವಿಗೆ ಅರ್ಧದಷ್ಟು. ಮಾಳಿಗೆ ಮೇಲಿನ ಕೋಣೆಯಿಂದ ಗಾಲಿ ಕಾಣುತ್ತಿದ್ದರೆ ಅಲ್ಲಿ ಮಲಗುವವರಿಗೆ ಲಾಭವಿಲ್ಲ. ಒಂದೇ ಮನೆಯ ಅಗಲಕ್ಕೆ ಕಟ್ಟಿದರೂ ಅಷ್ಟೇ, ಸದ್ದು ಎರಡೂ ತುದಿಯಿಂದ ಸುತ್ತಿ ಬರುತ್ತದೆ. ಮನೆಗೂ ಗೋಡೆಗೂ ಇರುವ ಅಂತರದ ನಾಲ್ಕರಷ್ಟು ಎರಡೂ ಕಡೆ ಚಾಚಬೇಕು. ಓಣಿಯವರೆಲ್ಲ ಸೇರಿ ಹಾಕಿಸಿದರೇ ಅದು ಆಗುವ ಮಾತು.

ಕೆಟ್ಟದ್ದು ಬುಡದಲ್ಲಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಗುತ್ತಿಗೆದಾರರು ಎರಡು ಅಡಿ ತೋಡಿ ಕಾಂಕ್ರೀಟ್ ಸುರಿದು ಕಂಬ ನಿಲ್ಲಿಸಿ ಹೋದರು. ಕಂಬ ವಾಲಿ ಪ್ಯಾನೆಲ್ಲಿನ ಕೆಳಗೆ ಎರಡು ಬೆರಳು ಸಂದು ಬಿತ್ತು, ಗಾಲಿಯ ಕಿರುಚು ಅಲ್ಲಿಂದಲೇ ಒಳಗೆ. ಇಲ್ಲಿಗೆ ಬೇಕಾದದ್ದು ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಉಬ್ಬಿರುವ, ನೆಲದೊಳಗಿನ ಕಾಂಕ್ರೀಟ್ ಕಂಬ, ಸುಮಾರು 3.5 ಮೀಟರ್ ಆಳ. ಖರ್ಚು ಜಾಸ್ತಿ, ಆದರೆ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಕೆಳಗಿನ ಸಾಲಿಗೆ ಪ್ಯಾನೆಲ್ ಬದಲು ಒಂದು ಅಡಿ ಹುಗಿದ ಕಾಂಕ್ರೀಟ್ ಹಲಗೆ ಇರಲಿ. ಮಣ್ಣು ಸರಿದರೂ ಸಂದು ತೆರೆಯುವುದಿಲ್ಲ.

ಕಂಬದ ಸಂದಿಗೆ ಫೋಮ್ ಪಟ್ಟಿ ಬೇಡ, ನಮ್ಮ ಬಿಸಿಲಿಗೆ ಪುಡಿಯಾಗುತ್ತದೆ. ಬಿಸಿಲು ತಾಳುವ ಇಪಿಡಿಎಂ ರಬ್ಬರ್ ಹಾಕಿಸಿ. ರಾಕ್‌ವೂಲನ್ನು ಗ್ಲಾಸ್ ಟಿಶ್ಯೂದಲ್ಲಿ (ಗಾಜಿನ ನಾರಿನ ತೆಳು ಹಾಳೆ) ಸುತ್ತಿದೆಯೇ ನೋಡಿ. ಮಳೆಗಾಲಕ್ಕೆ ಮುಂಚೆ ಪ್ಯಾನೆಲ್ಲಿನಿಂದ ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಬೇಕು. ಧೂಳು ಕಟ್ಟಿ ನೀರು ನಿಂತರೆ ವೂಲ್ ನೆನೆದು ಕೆಳಗೆ ಜಗ್ಗುತ್ತದೆ. ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತ ಬನ್ನಿ: ಮೇಲ್ಗಡೆ ಟೊಳ್ಳು ಸದ್ದು ಬಂದರೆ ಆ ಪ್ಯಾನೆಲ್ ಬದಲಿಸುವ ಹೊತ್ತಾಗಿದೆ.

ಹಾರ್ನಿಗೆ ಮಾತ್ರ ಈ ಗೋಡೆ ಸಾಲದು. ಅದು ಎಂಜಿನ್ನಿನ ನೆತ್ತಿಯಲ್ಲಿದೆ. ರೈಲ್ವೆ ಗೇಟಿಗೆ 600 ಮೀಟರ್ ಮೊದಲೇ ಸೀಟಿ ಹೊಡೆಯುವ ಫಲಕವೂ ಇರುತ್ತದೆ. ಗೇಟಿನ ಹತ್ತಿರ ಮನೆಯಿದ್ದರೆ ಮೊದಲು ಮಲಗುವ ಕೋಣೆಯ ಕಿಟಕಿಗೆ ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ್ದು), ಚೌಕಟ್ಟಿಗೆ ರಬ್ಬರ್ ಹಾಕಿಸಿ, ಉಳಿದ ದುಡ್ಡಿಗೆ ಗೋಡೆ.